‘ನರ್ಸ್ ಅಂದ್ರೆ ನರ್ಸ್ ಅಲ್ವಾ?’: ಡ್ಯೂಟಿ ಪಟ್ಟಿ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುವವರಿಗೆ, ನರ್ಸಿಂಗ್ ಸೂಪರಿಂಟೆಂಡೆಂಟರಿಗೆ, ಡ್ಯೂಟಿ ಪಟ್ಟಿ ಬರೆಯುವ ಎಲ್ಲರಿಗೂ,

ನಮಸ್ಕಾರ.

ನಾನು ನೋಂದಾಯಿತ ನರ್ಸ್. ಹದಿನೇಳು ವರ್ಷದಿಂದ ದೊಡ್ಡವರ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದೇನೆ. ಹೃದಯದ ಆಪರೇಷನ್ ಆದವರು, ವೆಂಟಿಲೇಟರ್ ಮೇಲಿರುವವರು, ಸೋಂಕು ರಕ್ತಕ್ಕೆ ಏರಿದವರು, ಇವರೇ ನನ್ನ ದಿನನಿತ್ಯದ ಜನ. ಸಂಬಳದ ಬಗ್ಗೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಅದಕ್ಕೆ ಇನ್ನೊಂದು ದಿನ ಇದೆ. ಇವತ್ತು ಬರೆಯುತ್ತಿರುವುದು ನೀವು ಆಗಾಗ ಆಡುವ ಒಂದು ಮಾತಿನ ಬಗ್ಗೆ. ಯಾವುದೋ ವಾರ್ಡಿನಲ್ಲಿ ಜನ ಕಡಿಮೆ ಬಿದ್ದಿರುತ್ತಾರೆ. ರಾತ್ರಿ ಪಾಳಿ ಶುರುವಾಗಲು ಹತ್ತು ನಿಮಿಷ ಇರುತ್ತದೆ. ಫೋನ್ ಬರುತ್ತದೆ. "ನಿಮ್ಮಲ್ಲಿಂದ ಯಾರಾದರೂ ಒಬ್ಬರನ್ನು ಕಳಿಸಿ. ಯಾರಾದರೂ ನಡೆಯುತ್ತೆ. ನರ್ಸ್ ಅಂದ್ರೆ ನರ್ಸ್ ಅಲ್ವಾ?"

ಅಲ್ಲ. ಯಾಕೆ ಅಲ್ಲ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯಬೇಕಾಗಿದೆ.

ಕೆಲವು ವರ್ಷಗಳ ಹಿಂದಿನ ಒಂದು ರಾತ್ರಿ. ಆಗ ನಾನು ಬೇರೆ ಆಸ್ಪತ್ರೆಯಲ್ಲಿದ್ದೆ. ಅಲ್ಲಿನ ಪಟ್ಟಿಯಲ್ಲಿ ನಮಗೆ ಹೆಸರೂ ಇರಲಿಲ್ಲ, ಬರೀ ನಂಬರ್. ನಾನು ‘ಸ್ಟಾಫ್ 4’. ನವಜಾತ ಶಿಶುಗಳ ಐಸಿಯುನಲ್ಲಿ ಇಬ್ಬರು ಒಟ್ಟಿಗೆ ಹುಷಾರಿಲ್ಲ ಅಂತ ರಜೆ ಹಾಕಿದ್ದರು. ನಮ್ಮ ಕಡೆ ಅವತ್ತು ಎರಡು ಹಾಸಿಗೆ ಖಾಲಿ ಇದ್ದವು. ಸ್ಟಾಫ್ 4 ಅಲ್ಲಿಗೆ ಹೋಗಲಿ ಅಂದರು. ಐಸಿಯು ಅಂದಮೇಲೆ ಐಸಿಯು. ಇವರಿಗೆ ವೆಂಟಿಲೇಟರ್ ಗೊತ್ತು, ಪಂಪ್ ಗೊತ್ತು, ಮಾನಿಟರ್ ಗೊತ್ತು. ಇನ್ನೇನು ಬೇಕು ಅನ್ನುವ ಲೆಕ್ಕ. ನಿಜ ಹೇಳಬೇಕಂದ್ರೆ ನನಗೂ ಹಾಗೇ ಅನಿಸಿತ್ತು.

ನನಗೆ ವಹಿಸಿದ ಮಗು 28 ವಾರಕ್ಕೇ ಹುಟ್ಟಿದ್ದು. ತೂಕ ಒಂದು ಕೆ.ಜಿ.ಗಿಂತ ಚೂರು ಜಾಸ್ತಿ. ಅಷ್ಟು ಸಣ್ಣ ಮಗುವಿನ ಮೈಯಲ್ಲಿರುವ ರಕ್ತವನ್ನೆಲ್ಲ ಸೇರಿಸಿದರೂ ಸುಮಾರು 100 ಮಿಲಿ. ಅರ್ಧ ಲೋಟ. ಪರೀಕ್ಷೆಗೆ ಅಂತ ನಾನು ದೊಡ್ಡವರಿಂದ ಯೋಚಿಸದೆ ಎಳೆಯುವ ಹತ್ತು ಮಿಲಿ ಈ ಮಗುವಿಗೆ ಹತ್ತರಲ್ಲಿ ಒಂದು ಪಾಲು. ಅದು ನನಗೆ ಪುಸ್ತಕದಿಂದ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಮಗುವಿನ ಮೂಗಿಗೆ ಆಕ್ಸಿಜನ್ ಹಾಕಿದ್ದರು. ನಾನು ಮಗುವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪಕ್ಕ ಕೂತು ಮಾನಿಟರ್ ನೋಡಿದೆ. ರಕ್ತದಲ್ಲಿ ಆಕ್ಸಿಜನ್ ಶೇ 99. ನೆಮ್ಮದಿಯಾಯಿತು. ನನ್ನ ವಾರ್ಡ್ ನನಗೆ ಕಲಿಸಿದ್ದೇ ಅದು. 99 ಕಂಡರೆ ಉಸಿರು ಬಿಡು, 85 ಕಂಡರೆ ಓಡು. ಮಾನಿಟರ್ ಮಾತ್ರ ಕೂಗುತ್ತಲೇ ಇತ್ತು. ಎಲ್ಲ ಚೆನ್ನಾಗಿರುವಾಗ ಸುಮ್ನೆ ಯಾಕೆ ಕೂಗುತ್ತಿದೆ ಅಂತ ನಾನು ಎರಡು ಸಲ ಸದ್ದು ನಿಲ್ಲಿಸಿದೆ. ಮೂರನೇ ಸಲ ಕೂಗಿದಾಗ ಪಕ್ಕದ ಮಗುವನ್ನು ನೋಡುತ್ತಿದ್ದ ನರ್ಸ್ ಬಂದಳು. ನನಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ಏನೂ ಮಾತಾಡದೆ ಆಕ್ಸಿಜನ್ ಇಳಿಸಿದಳು. ಸಂಖ್ಯೆ 94ಕ್ಕೆ ಬರುವ ತನಕ ನಿಂತು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: "ಅಕ್ಕ, ಇಲ್ಲಿ 99 ಬಂದ್ರೆ ಹೆದರಬೇಕು."

ದಿನ ತುಂಬದ ಮಗುವಿನ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳಗಳು ಇನ್ನೂ ಬೆಳೆಯುತ್ತಿರುತ್ತವೆ. ಆಕ್ಸಿಜನ್ ಹೆಚ್ಚಾದರೆ ಆ ಬೆಳವಣಿಗೆ ದಾರಿ ತಪ್ಪುತ್ತದೆ. 1940ರ ದಶಕದಿಂದ 1950ರ ದಶಕದ ನಡುವಿನ ತನಕ, ಅವಧಿಗೆ ಮೊದಲೇ ಹುಟ್ಟಿದ ಮಕ್ಕಳನ್ನು ಉಳಿಸಬೇಕೆಂದು ಇನ್‌ಕ್ಯುಬೇಟರ್ ತುಂಬ ಆಕ್ಸಿಜನ್ ಬಿಡುತ್ತಿದ್ದರು. ಸಾವಿರಾರು ಮಕ್ಕಳು ಬದುಕಿದರು, ಕಣ್ಣು ಕಳೆದುಕೊಂಡರು. ಹಾಗಾಗಿಯೇ ಇವತ್ತು ಆ ವಾರ್ಡುಗಳಲ್ಲಿ ರಕ್ತದ ಆಕ್ಸಿಜನ್ನನ್ನು ಸಾಮಾನ್ಯವಾಗಿ 91ರಿಂದ 95ರ ಆಸುಪಾಸಿನಲ್ಲಿ ಇಡುತ್ತಾರೆ. ಅಲಾರಂಗೆ ಕೆಳಗೂ ಒಂದು ಗೆರೆ, ಮೇಲೂ ಒಂದು ಗೆರೆ. ನಾನು ಸುಮ್ಮನಾಗಿಸಿದ್ದು ಮೇಲಿನ ಗೆರೆಯನ್ನು.

ಮಗುವಿಗೆ ಏನೂ ಆಗಲಿಲ್ಲ. ಕೆಲವು ನಿಮಿಷಗಳಷ್ಟೇ. ಹಾಗಾಗಿ ಯಾವ ರಿಜಿಸ್ಟರಿನಲ್ಲೂ ಅದು ಇಲ್ಲ. ಮಾರನೆ ದಿನ ಪಟ್ಟಿ ಬರೆದವರ ಲೆಕ್ಕದಲ್ಲಿ ಆ ರಾತ್ರಿ ಚೆನ್ನಾಗಿಯೇ ಕಳೆದಿತ್ತು. ಎಲ್ಲ ಹಾಸಿಗೆಗೂ ಒಬ್ಬೊಬ್ಬ ನರ್ಸ್ ಇದ್ದರಲ್ಲ.

ನಾನು ಹೇಳಬೇಕಾದ ವಿಷಯ ಒಂದೇ. ಚುಚ್ಚುವುದು, ಅಳೆಯುವುದು, ಬರೆಯುವುದು, ಔಷಧಿ ಕೊಡುವುದು ಎಲ್ಲ ನರ್ಸ್‌ಗೂ ಬರುತ್ತದೆ. ಯಾವುದಕ್ಕೆ ಹೆದರಬೇಕು ಅನ್ನುವುದು ವಾರ್ಡಿನಿಂದ ವಾರ್ಡಿಗೆ ಬೇರೆ. ನರ್ಸಿಂಗ್‌ನಲ್ಲಿ ಪರಿಣತಿ ಅಂದರೆ ಮುಖ್ಯವಾಗಿ ಆ ಹೆದರಿಕೆಯ ಜ್ಞಾನ. ಅದನ್ನು ಹತ್ತು ನಿಮಿಷದಲ್ಲಿ ಯಾರೂ ಯಾರಿಗೂ, ಪಾಳಿ ಬದಲಾಗುವಾಗ ಕೆಲಸ ಒಪ್ಪಿಸುವ ಹಾಗೆ, ಹ್ಯಾಂಡೋವರ್ ಕೊಡಲು ಆಗುವುದಿಲ್ಲ.

ನೋಂದಣಿ ಇದೆಯಲ್ಲ, ಪರೀಕ್ಷೆ ಪಾಸಾಗಿದ್ದಾರಲ್ಲ ಅನ್ನಬಹುದು. ಇದೆ. ನರ್ಸ್‌ಗಳಿಗೆ ಅಂತಲೇ ಪ್ರತ್ಯೇಕ ನೋಂದಣಿ ಕಾನೂನನ್ನು ದೇಶಮಟ್ಟದಲ್ಲಿ ಮೊದಲು ತಂದದ್ದು ನ್ಯೂಜಿಲೆಂಡ್, 1901ರಲ್ಲಿ. ಮರುವರ್ಷ ಜನವರಿಯಲ್ಲಿ ಎಲೆನ್ ಡೌಹರ್ಟಿ ಅವರ ಹೆಸರು ಆ ಪುಸ್ತಕದಲ್ಲಿ ಮೊದಲನೆಯದಾಗಿ ದಾಖಲಾಯಿತು. ಅಲ್ಲಿಯವರೆಗೆ ಯಾರು ಬೇಕಾದರೂ ನಾನು ನರ್ಸ್ ಅಂತ ಹೇಳಿಕೊಳ್ಳಬಹುದಿತ್ತು. ನೋಂದಣಿ ಆ ಗೊಂದಲಕ್ಕೆ ಕೊನೆ ಹಾಕಿತು. ಆದರೆ ಆ ಕಾಗದ ಹೇಳುವುದು ಇಷ್ಟೇ: ಈ ವ್ಯಕ್ತಿ ಕೆಲಸ ಶುರು ಮಾಡಿದರೆ ರೋಗಿಗೆ ಅಪಾಯವಿಲ್ಲ. ಅದು ಹೊಸ್ತಿಲು. ಮನೆಯೊಳಗೆ ಇನ್ನೂ ಎಷ್ಟೋ ಕೋಣೆಗಳಿವೆ. ಡಾಕ್ಟರುಗಳಿಗೂ ನೋಂದಣಿ ಇದೆ. ಆದರೂ ಕಣ್ಣಿನ ಡಾಕ್ಟರನ್ನು ಕರೆದು ಇವತ್ತೊಂದು ದಿನ ಮಂಡಿ ಆಪರೇಷನ್ ಮಾಡಿಬಿಡಿ ಅಂತ ನೀವು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಅಮೆರಿಕದ ನರ್ಸ್ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಇದನ್ನು ವಿವರವಾಗಿ ಬರೆದರು. ನರ್ಸ್ ಒಬ್ಬರು ಬೆಳೆಯುವ ದಾರಿಯಲ್ಲಿ ಅವರು ಐದು ಮೆಟ್ಟಿಲು ಗುರುತಿಸಿದರು. ತೀರಾ ಹೊಸಬರಿಂದ ಶುರುವಾಗಿ ನಿಪುಣರ ತನಕ. ನಡುವಿನ ಮೆಟ್ಟಿಲಿಗೆ, ಅಂದರೆ ಕೆಲಸ ಬಲ್ಲವರು ಅನ್ನಿಸಿಕೊಳ್ಳುವುದಕ್ಕೇ, ಒಂದೇ ಬಗೆಯ ರೋಗಿಗಳ ಜೊತೆ ಎರಡು ಮೂರು ವರ್ಷ ಬೇಕು ಅಂದರು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಎಷ್ಟೇ ಅನುಭವವಿರಲಿ, ತಾನು ಕಂಡಿರದ ಬಗೆಯ ರೋಗಿಗಳ ನಡುವೆ ನಿಂತಾಗ ನರ್ಸ್ ಮತ್ತೆ ಮೊದಲ ಮೆಟ್ಟಿಲಿಗೆ ಇಳಿಯಬಹುದು. ಆ ರಾತ್ರಿ ಇನ್‌ಕ್ಯುಬೇಟರ್ ಮುಂದೆ ಕೂತಿದ್ದ ನಾನು ಎಷ್ಟು ವರ್ಷದ ಹಳಬಳಾದರೇನು, ಹೊಸಬಳೇ. ಹೊಸಬಳು ಅಂತ ನನಗೂ ಗೊತ್ತಿರಲಿಲ್ಲ, ಪಟ್ಟಿಗೂ ಗೊತ್ತಿರಲಿಲ್ಲ. ಕಾಲೇಜಿನಿಂದ ಈಗಷ್ಟೇ ಬಂದವರಿಗಾದರೆ ಎಲ್ಲರೂ ಒಂದು ಕಣ್ಣಿಟ್ಟಿರುತ್ತಾರೆ. ನನಗೆ ಯಾರೂ ಇಟ್ಟಿರಲಿಲ್ಲ.

ಒಂದೊಂದು ವಾರ್ಡಿನ ಹೆದರಿಕೆ ಹೇಗಿರುತ್ತದೆ ಅಂತ ನಿಮಗೆ ತೋರಿಸಬೇಕು.

ಡಯಾಲಿಸಿಸ್‌ಗೆ ಬರುವವರ ತೋಳಿನಲ್ಲಿ ಫಿಸ್ಟುಲಾ ಇರುತ್ತದೆ. ಅಪಧಮನಿ ಮತ್ತು ಅಭಿಧಮನಿಯನ್ನು ಆಪರೇಷನ್ ಮಾಡಿ ಜೋಡಿಸಿ ಮಾಡಿದ್ದು. ಬಳಕೆಗೆ ಬರಲು ವಾರಗಟ್ಟಲೆ ಕಾಯಬೇಕು. ವಾರಕ್ಕೆ ಮೂರು ಸಲ, ಸುಮಾರು ನಾಲ್ಕು ಗಂಟೆ, ಅವರ ಜೀವ ಆ ತೋಳಿನ ಮೂಲಕ ಹರಿಯುತ್ತದೆ. ಆ ವಾರ್ಡಿನ ನರ್ಸ್ ರೋಗಿಗೆ ನಮಸ್ಕಾರ ಹೇಳುವ ಮೊದಲೇ ಅವರ ತೋಳಿನ ಮೇಲೆ ಬೆರಳಿಟ್ಟು ಝುಂ ಅನ್ನುವ ಆ ಕಂಪನ ಇದೆಯಾ ಅಂತ ನೋಡಿರುತ್ತಾರೆ. ಆ ತೋಳಿಗೆ ಬಿಪಿ ಪಟ್ಟಿ ಸುತ್ತಬಾರದು, ಅಲ್ಲಿಂದ ರಕ್ತ ತೆಗೆಯಬಾರದು. ಬೇರೆ ವಾರ್ಡಿನಿಂದ ಬಂದವರು ಏನು ಮಾಡುತ್ತಾರೆ? ಹತ್ತಿರ ಸಿಕ್ಕ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾರೆ. ನೂರು ವಾರ್ಡಿನಲ್ಲಿ ಅದು ಸರಿ. ಇಲ್ಲಿ ಫಿಸ್ಟುಲಾ ಮುಚ್ಚಿಹೋದರೆ ಆ ರೋಗಿ ಮತ್ತೆ ಆಪರೇಷನ್ ಟೇಬಲ್ ಮೇಲೆ.

ಕ್ಯಾನ್ಸರ್ ವಾರ್ಡಿನಲ್ಲಿ ವಿನ್‌ಕ್ರಿಸ್ಟೀನ್ ಅಂತ ಒಂದು ಔಷಧಿ ಇದೆ. ರಕ್ತನಾಳಕ್ಕೆ ಕೊಟ್ಟರೆ ಎಷ್ಟೋ ಮಕ್ಕಳ ರಕ್ತ ಕ್ಯಾನ್ಸರನ್ನು ಹತೋಟಿಗೆ ತರುವ ಔಷಧಿ. ಅದೇ ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಅದೇ ರೋಗಿಗೆ ಬೆನ್ನುಹುರಿಗೆ ಕೊಡಬೇಕಾದ ಬೇರೆ ಔಷಧಿಯೂ ಇರುವುದರಿಂದ ಈ ತಪ್ಪು ಜಗತ್ತಿನಲ್ಲಿ ಮತ್ತೆ ಮತ್ತೆ ಆಗಿದೆ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಸಿರಿಂಜಿನಲ್ಲಿ ತುಂಬಿಡಬೇಡಿ, ಸಣ್ಣ ಡ್ರಿಪ್ ಚೀಲದಲ್ಲಿ ಕೊಡಿ, ಆಗ ಬೆನ್ನಿಗೆ ಚುಚ್ಚಲು ಕೈ ಹೋಗುವುದಿಲ್ಲ ಅಂತ. ಕೀಮೋ ಕೊಡುವ ನರ್ಸ್‌ಗೆ ಆ ಚೀಲ ಯಾಕೆ ಚೀಲ ಅಂತ ಗೊತ್ತಿರುತ್ತದೆ. ಹೊರಗಿನಿಂದ ಬಂದವರಿಗೆ ಅದು ಇನ್ನೊಂದು ಚೀಲ ಅಷ್ಟೇ.

ಆಪರೇಷನ್ ಥಿಯೇಟರಿನ ನರ್ಸ್‌ಗಳನ್ನು ಬಹಳ ಜನ ಡಾಕ್ಟರ ಕೈಗೆ ಕತ್ತರಿ ಕೊಡುವವರು ಅಂದುಕೊಂಡಿದ್ದಾರೆ. ಅವರ ನಿಜವಾದ ಕೆಲಸ ಎಣಿಕೆ. ಹತ್ತಿಬಟ್ಟೆ ಎಷ್ಟು, ಸೂಜಿ ಎಷ್ಟು, ಉಪಕರಣ ಎಷ್ಟು. ಶುರು ಮಾಡುವ ಮೊದಲು ಒಮ್ಮೆ, ಹೊಟ್ಟೆ ಮುಚ್ಚುವ ಮೊದಲು ಒಮ್ಮೆ, ಚರ್ಮ ಹೊಲಿಯುವಾಗ ಮತ್ತೊಮ್ಮೆ. ಇಬ್ಬರು ಸೇರಿ, ಬಾಯಿಬಿಟ್ಟು, ಜೋರಾಗಿ ಎಣಿಸಬೇಕು. ಒಂದು ಕಡಿಮೆ ಬಂದರೆ ಎಷ್ಟು ದೊಡ್ಡ ಸರ್ಜನ್ ಆಗಿರಲಿ, ಎಷ್ಟು ಹೊತ್ತಾಗಿರಲಿ, "ನಿಲ್ಲಿಸಿ ಡಾಕ್ಟರ್" ಅನ್ನಬೇಕು. ಹಾಗೆ ಅನ್ನುವ ಗಂಟಲು ಒಂದೇ ದಿನದಲ್ಲಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್‌ಗಾಗಿ 19 ಅಂಶಗಳ ಪರಿಶೀಲನಾ ಪಟ್ಟಿ ತಂದಿತು. ಈ ಎಣಿಕೆಯೂ ಅದರೊಳಗಿದೆ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಆಪರೇಷನ್ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಪರಿಚಯವಿಲ್ಲದ ಕೋಣೆಯಲ್ಲಿ, ಹೆಸರು ಗೊತ್ತಿಲ್ಲದ ಸರ್ಜನ್ ಮುಂದೆ, ಇವತ್ತೊಂದು ದಿನಕ್ಕೆ ಬಂದ ನರ್ಸ್ ಆ ಪಟ್ಟಿಯನ್ನು ಹೇಗೆ ಓದುತ್ತಾರೆ ಅಂತ ನಾನು ನೋಡಿದ್ದೇನೆ. ತುಟಿ ಅಲ್ಲಾಡುತ್ತದೆ, ಸದ್ದು ಬರುವುದಿಲ್ಲ.

ತುರ್ತು ವಿಭಾಗದ ಬಾಗಿಲಲ್ಲಿ ಕೂರುವ ನರ್ಸ್‌ಗೆ ಒಬ್ಬೊಬ್ಬರಿಗೆ ಸಿಗುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ಯಾರು ಕಾಯಬಹುದು, ಯಾರು ಕಾಯುವ ಹಾಗಿಲ್ಲ ಅಂತ ತೀರ್ಮಾನಿಸಬೇಕು. ಜೋರಾಗಿ ನರಳುವವರು ಎಷ್ಟೋ ಸಲ ಕಾಯಬಹುದಾದವರು. ದವಡೆ ನೋವು, ವಾಕರಿಕೆ, ತಣ್ಣನೆ ಬೆವರು ಅನ್ನುತ್ತಾ ಮೂಲೆಯಲ್ಲಿ ಕೂತ ಹೆಂಗಸು ಕಾಯುವ ಹಾಗಿಲ್ಲ. ಎದೆನೋವು ಇಲ್ಲದೆಯೂ ಹೃದಯಾಘಾತ ಆಗುತ್ತದೆ, ಅದರಲ್ಲೂ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ. ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಆ ಬಾಗಿಲಿಗೆ ಹೊಸಬರನ್ನು ಕೂರಿಸಿದರೆ ಅವರು ಮೊದಲು ಗಲಾಟೆ ಮಾಡುವವರನ್ನೇ ಒಳಗೆ ಕಳಿಸುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಮನೋರೋಗ ವಾರ್ಡಿಗೆ ಯಾರನ್ನಾದರೂ ಕಳಿಸಬಹುದು ಅನ್ನುವ ನಂಬಿಕೆ ನಿಮ್ಮಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿದೆ. ಅಲ್ಲಿ ಡ್ರಿಪ್ ಇಲ್ಲ, ಮಷೀನ್ ಇಲ್ಲ, ಮಾತಾಡಿಸಿಕೊಂಡು ಇದ್ದರಾಯಿತು ಅಂತ. ನನ್ನ ಗೆಳತಿಯೊಬ್ಬಳು ಸರ್ಜರಿ ವಾರ್ಡಿನವಳು. ಅವಳನ್ನು ಹಾಗೆ ಕಳಿಸಿದ್ದರು. ಸಿಟ್ಟಿಗೆದ್ದ ರೋಗಿಯನ್ನು ಸಮಾಧಾನ ಮಾಡಲು ಹೋಗಿ ಬಾಗಿಲಿಗೆ ಅಡ್ಡ ನಿಂತಳು, ಹೊರಗೆ ಓಡಿಹೋಗದಿರಲಿ ಅಂತ. ಆ ವಾರ್ಡಿನವರಿಗೆ ಗೊತ್ತಿರುವ ಮೊದಲ ಪಾಠ ಅದಕ್ಕೆ ತದ್ವಿರುದ್ಧ. ದಾರಿ ಮುಚ್ಚಬಾರದು, ಅವರಿಗೂ ದಾರಿ ಇರಬೇಕು, ನಿನಗೂ ಇರಬೇಕು. ದನಿ ತಗ್ಗಿಸಬೇಕು, ಒಂದು ಹೆಜ್ಜೆ ಹಿಂದೆ ಸರಿಯಬೇಕು. ಅವಳ ಮಣಿಕಟ್ಟು ಮುರಿಯಿತು. ರೋಗಿಯ ತಪ್ಪು ಅಂತ ನಾನು ಹೇಳಲಾರೆ. ಇನ್ನು ಔಷಧಿಗಳ ವಿಷಯ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ವಾಂತಿ ಆಗಿ ಕೈ ಜಾಸ್ತಿ ನಡುಗಲು ಶುರುವಾದರೆ ಹೊರಗಿನವರು ವಾಂತಿ ನಿಲ್ಲುವ ಮಾತ್ರೆ ಹುಡುಕುತ್ತಾರೆ. ಅಲ್ಲಿನ ನರ್ಸ್ ಮುಂದಿನ ಲಿಥಿಯಂ ಡೋಸ್ ತಡೆಹಿಡಿದು ಡಾಕ್ಟರಿಗೆ ಫೋನ್ ಮಾಡುತ್ತಾರೆ, ರಕ್ತಪರೀಕ್ಷೆ ಕೇಳುತ್ತಾರೆ. ಆ ಔಷಧಿಯಲ್ಲಿ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ತೀರಾ ಕಿರಿದು.

ನಾನು ಅತಿ ಹೆಚ್ಚು ತಡವರಿಸಿದ್ದು ಉಪಶಾಮಕ ಆರೈಕೆಯ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ವಾರ್ಡಿನಲ್ಲಿ. ಕೊನೆಯ ಗಂಟೆಗಳಲ್ಲಿರುವವರ ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಐಸಿಯುನವಳಾದ ನನ್ನ ಕೈ ತಾನಾಗಿಯೇ ಗಂಟಲಿನ ಕಫ ಎಳೆದು ತೆಗೆಯುವ ಸಕ್ಷನ್ ಪೈಪಿಗೆ ಹೋಯಿತು. ಅಲ್ಲಿನ ಹಿರಿಯ ನರ್ಸ್ ನನ್ನ ಕೈ ಹಿಡಿದರು. ಸಕ್ಷನ್ ಆ ಸದ್ದನ್ನು ಬಹಳ ಹೊತ್ತು ನಿಲ್ಲಿಸುವುದಿಲ್ಲ, ರೋಗಿಗೆ ಹಿಂಸೆ ಮಾತ್ರ ಆಗುತ್ತದೆ. ಅವರು ರೋಗಿಯನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿದರು. ಬಾಯಿ ಒದ್ದೆ ಮಾಡಿದರು. ಆಮೇಲೆ ಹೊರಗೆ ನಿಂತಿದ್ದ ಮಗನ ಹತ್ತಿರ ಹೋಗಿ, ಈ ಸದ್ದು ನಮಗೆ ಕೇಳಿಸುವಷ್ಟು ನಿಮ್ಮ ತಾಯಿಗೆ ಕಷ್ಟ ಕೊಡುತ್ತಿಲ್ಲ ಅಂತ ಹೇಳಿದರು. ಹತ್ತು ನಿಮಿಷ ಅವರ ಜೊತೆಗೇ ನಿಂತರು. ಸಾವಿನ ಅಂಚಿನಲ್ಲಿರುವವರನ್ನು ನೋಡಿಕೊಳ್ಳುವ ಆಧುನಿಕ ಹಾಸ್ಪೈಸ್ ಆರೈಕೆಗೆ ಅಡಿಪಾಯ ಹಾಕಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು. ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರ್. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಸಾಯುವವರ ನೋವನ್ನು ಹತ್ತಿರದಿಂದ ಕಾಣುವ ಕಣ್ಣು ಅವರಿಗೆ ಹಾಸಿಗೆಯ ಪಕ್ಕದಲ್ಲೇ ಬಂದದ್ದು ಅಂತ ನಾನು ನಂಬಿದ್ದೇನೆ.

ಹೆರಿಗೆ, ಸುಟ್ಟಗಾಯ, ಸೋಂಕು ನಿಯಂತ್ರಣ, ಶಾಲೆ, ಕಾರ್ಖಾನೆ, ಮನೆಮನೆಗೆ ಹೋಗುವ ಸಮುದಾಯ ಆರೋಗ್ಯ, ಹೀಗೆ ಇನ್ನೂ ಎಷ್ಟೋ ಇವೆ. ಎಲ್ಲದಕ್ಕೂ ಅದರದರ 99 ಇದೆ. ಎಲ್ಲವನ್ನೂ ಬರೆಯಲು ಕೂತರೆ ನೀವು ಓದುವುದಿಲ್ಲ.

ಹೀಗೆ ಒಂದೇ ಕಡೆ ನಿಂತು ವರ್ಷಗಟ್ಟಲೆ ನೋಡಿದ್ದರಿಂದ ಏನೇನಾಗಿದೆ ಅನ್ನುವುದನ್ನೂ ಹೇಳಬೇಕು. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಎಂಬ ನರ್ಸ್ ಅವಧಿಗೆ ಮೊದಲು ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಬಿಸಿಲಿದ್ದ ದಿನ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯುವುದು ಅವರ ರೂಢಿ. ಕಾಮಾಲೆಯಿಂದ ಹಳದಿಯಾಗಿದ್ದ ಒಂದು ಮಗುವಿನ ಬಟ್ಟೆ ಸರಿಸಿ ಡಾಕ್ಟರಿಗೆ ತೋರಿಸಿದರು. ಬಿಸಿಲು ಬಿದ್ದ ಕಡೆ ಹಳದಿ ಮಾಸಿತ್ತು, ಬಟ್ಟೆ ಮುಚ್ಚಿದ್ದ ಕಡೆ ಹಾಗೇ ಇತ್ತು. ಆ ಗಮನಿಕೆಯ ಬೆನ್ನು ಹತ್ತಿ ಆ ಆಸ್ಪತ್ರೆಯ ವೈದ್ಯರು 1958ರಲ್ಲಿ ಬೆಳಕಿನ ಚಿಕಿತ್ಸೆಯ ವರದಿ ಪ್ರಕಟಿಸಿದರು. ಇವತ್ತು ಕಾಮಾಲೆ ಬಂದ ಮಕ್ಕಳನ್ನು ನೀಲಿ ಬೆಳಕಿನಡಿ ಮಲಗಿಸುತ್ತಾರಲ್ಲ, ಅದರ ಬೇರು ಅಲ್ಲಿದೆ. ಆ ದಿನ ಜೀನ್ ವಾರ್ಡ್ ಅವರನ್ನು ಬೇರೆ ವಾರ್ಡಿಗೆ ಕಳಿಸಿದ್ದರೆ ಬಂದ ನರ್ಸ್ ಮಗುವಿಗೆ ಬಟ್ಟೆ ಸುತ್ತಿ ಒಳಗೆ ತಂದು ಮಲಗಿಸುತ್ತಿದ್ದರು. ಅದರಲ್ಲಿ ಅವರ ತಪ್ಪೂ ಇರುತ್ತಿರಲಿಲ್ಲ.

ಡೆನ್ಮಾರ್ಕಿನ ಎಲಿಸ್ ಸೊರೆನ್‌ಸೆನ್ ಕೂಡ ನರ್ಸ್. ಅವರ ತಂಗಿಗೆ ಕರುಳಿನ ಆಪರೇಷನ್ ಆಗಿ ಹೊಟ್ಟೆಯ ಮೇಲೆ ಸ್ಟೋಮಾ, ಅಂದರೆ ಮಲ ಹೊರಬರಲು ಒಂದು ದಾರಿ, ಮಾಡಿದ್ದರು. ಸೋರುತ್ತದೆ ಅನ್ನುವ ಭಯಕ್ಕೆ ಆಕೆ ಮನೆಯಿಂದ ಹೊರಗೇ ಹೋಗುತ್ತಿರಲಿಲ್ಲ. 1954ರಲ್ಲಿ ಎಲಿಸ್ ಮೈಗೆ ಅಂಟಿಕೊಳ್ಳುವ, ಬಳಸಿ ಎಸೆಯುವ ಚೀಲ ಯೋಚಿಸಿದರು. ಲಕ್ಷಾಂತರ ಜನ ಇವತ್ತು ಅಂಥ ಚೀಲ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ.

ನಿಮಗೆ ಲೆಕ್ಕ ಬೇಕು ಅಂತ ಗೊತ್ತು. ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಅವರ ತಂಡ 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ ಫಲಿತಾಂಶ ಇದು: ಒಬ್ಬ ನರ್ಸ್‌ಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳಲ್ಲಿ ನೋಡಿದಾಗಲೂ ಅದೇ ಶೇ 7 ಬಂತು. ಈ ಲೆಕ್ಕ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅದಕ್ಕೇ ಖಾಲಿ ಜಾಗಕ್ಕೆ ಯಾರನ್ನಾದರೂ ತುಂಬುತ್ತೀರಿ. ಆದರೆ ತಲೆ ಎಣಿಸುವುದರಿಂದ ಅರ್ಧ ಲೆಕ್ಕ ಮಾತ್ರ ಸಿಗುತ್ತದೆ. ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿ, 2004ರಿಂದ ಯಾವ ವಾರ್ಡಿನಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಅಂತ ಮಿತಿ ಜಾರಿಗೆ ತಂದಿತು. ಐಸಿಯುನಲ್ಲಿ ಇಬ್ಬರಿಗಿಂತ ಹೆಚ್ಚಿಲ್ಲ. ಎಲ್ಲರೂ ಮಾತಾಡುವುದು ಆ ಸಂಖ್ಯೆಯ ಬಗ್ಗೆ. ಅದೇ ಕಾನೂನಿನಲ್ಲಿ ಇನ್ನೊಂದು ಸಾಲಿದೆ. ಆ ವಿಭಾಗದ ಕೆಲಸದ ಪರಿಚಯ ಮಾಡಿಕೊಡದೆ, ಆ ಕೆಲಸ ಬರುತ್ತದೆ ಅಂತ ಖಚಿತವಾಗದೆ, ಯಾವ ನರ್ಸನ್ನೂ ಆ ವಿಭಾಗಕ್ಕೆ ಹಾಕುವಂತಿಲ್ಲ. ನನ್ನ ಪತ್ರವೆಲ್ಲ ಆ ಒಂದು ಸಾಲಿಗಾಗಿ.

ಜನ ಇಲ್ಲ, ಏನು ಮಾಡಲಿ ಅನ್ನುತ್ತೀರಿ. ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ 2 ಕೋಟಿ 98 ಲಕ್ಷ ನರ್ಸ್‌ಗಳಿದ್ದಾರೆ, ಇನ್ನೂ 58 ಲಕ್ಷ ಜನರ ಕೊರತೆ ಇದೆ. ನಮ್ಮಲ್ಲೂ ಕೆಲವರು "ಇದು ನನ್ನ ವಾರ್ಡಲ್ಲ" ಅನ್ನುವುದನ್ನೇ ನೆಪ ಮಾಡಿಕೊಳ್ಳುವವರಿದ್ದಾರೆ. ಅವರನ್ನು ನಾನೂ ನೋಡಿದ್ದೇನೆ, ಅವರ ಪರ ವಕಾಲತ್ತು ಮಾಡುತ್ತಿಲ್ಲ. ಕೋವಿಡ್ ಬಂದಾಗ ಯಾವ ಯಾವ ವಾರ್ಡಿನವರೋ ಐಸಿಯುಗೆ ಬಂದರು. ಬರಲೇಬೇಕಿತ್ತು. ಆಗ ಅನೇಕ ಕಡೆ ಮಾಡಿದ್ದೇನು? ಒಬ್ಬ ಐಸಿಯು ನರ್ಸ್‌ನ ಕೈಕೆಳಗೆ ಹೊರಗಿನಿಂದ ಬಂದ ಇಬ್ಬರು ಮೂವರನ್ನು ಹಾಕಿದರು. ರೋಗಿಯನ್ನು ಹೊರಳಿಸುವುದು, ಬಾಯಿ ಸ್ವಚ್ಛ ಮಾಡುವುದು, ದಾಖಲೆ ಬರೆಯುವುದು, ಮನೆಯವರಿಗೆ ಫೋನ್ ಮಾಡಿ ಹೇಳುವುದು ಹೊರಗಿನಿಂದ ಬಂದವರ ಕೆಲಸ. ವೆಂಟಿಲೇಟರ್ ಮತ್ತು ಬಿಪಿ ಏರಿಸುವ ಔಷಧಿ ಐಸಿಯು ನರ್ಸ್‌ನ ಕೆಲಸ. ಬಂದವರನ್ನು ಬಂದವರು ಅಂತಲೇ ಗುರುತಿಸಿದ್ದರು. ಅಷ್ಟೇ ಸಾಕಿತ್ತು, ಆ ರಾತ್ರಿ ನನಗೂ. ಮಗುವನ್ನು ಪೂರ್ತಿ ನನಗೆ ವಹಿಸದೆ ಆ ಹುಡುಗಿಯ ಜೊತೆ ಸಹಾಯಕ್ಕೆ ಹಾಕಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು.

ನೆರೆಯ ವಾರ್ಡುಗಳನ್ನು ಜೋಡಿ ಮಾಡಿ. ದೊಡ್ಡವರ ಐಸಿಯು, ಹೃದಯದ ವಾರ್ಡ್, ಆಪರೇಷನ್ ನಂತರದ ಕೋಣೆ, ಇವುಗಳ ನಡುವೆ ನಾವು ಓಡಾಡಬಲ್ಲೆವು. ನವಜಾತ ಶಿಶುಗಳ ವಿಭಾಗಕ್ಕೆ ಬಾಣಂತಿಯರ ವಾರ್ಡಿನವರು ನನಗಿಂತ ಎಷ್ಟೋ ಹತ್ತಿರ. ಎರಡನೇ ವಾರ್ಡನ್ನು ಸಮಾಧಾನದ ದಿನಗಳಲ್ಲಿ ಕಲಿಸಿ, ಬಿಕ್ಕಟ್ಟಿನ ರಾತ್ರಿಯಲ್ಲಿ ಬೇಡ. ಇನ್ನು, ದಿನಕ್ಕೊಂದು ವಾರ್ಡ್ ಅಂದರೆ ಖುಷಿಪಡುವವರೂ ನಮ್ಮಲ್ಲಿದ್ದಾರೆ. ಬೇಗ ಹೊಂದಿಕೊಳ್ಳುವುದೂ ಒಂದು ವಿದ್ಯೆ. ಅಂಥವರನ್ನೇ ಆರಿಸಿ ಒಂದು ತಂಡ ಮಾಡಿ, ತರಬೇತಿ ಕೊಟ್ಟು, ಅದಕ್ಕೆ ತಕ್ಕ ಭತ್ಯೆಯನ್ನೂ ಕೊಡಿ. ಈಗಿನ ಪದ್ಧತಿಯಲ್ಲಿ ಯಾರನ್ನೂ ಕೇಳುವುದೇ ಇಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರಾ ಅನ್ನುವ ಹಾಗೆ.

ಇನ್ನೊಂದು ಸಂಕಟ ಇದೆ. ಇದು ಪಟ್ಟಿ ಬರೆಯುವವರಿಗಿಂತ ಮೇಲಿನವರಿಗೆ. ಹಾಸಿಗೆಯ ಪಕ್ಕದಲ್ಲಿ ಚೆನ್ನಾಗಿ ಕೆಲಸ ಮಾಡುವ ನರ್ಸ್‌ಗೆ ನೀವು ಕೊಡುವ ಬಹುಮಾನ ಏನು? ಬಡ್ತಿ ಕೊಟ್ಟು ಹಾಸಿಗೆಯಿಂದ ದೂರ ಕಳಿಸುವುದು. ಮೇಜು, ಫೈಲು, ಮೀಟಿಂಗು. ನಮ್ಮಲ್ಲಿ ಗಾಯದ ಆರೈಕೆಯಲ್ಲಿ ಎತ್ತಿದ ಕೈ ಅನ್ನಿಸಿಕೊಂಡಿದ್ದವರು ಈಗ ಹಾಸಿಗೆ ಬಟ್ಟೆಗಳ ಲೆಕ್ಕ ಬರೆಯುತ್ತಿದ್ದಾರೆ. ಅವರ ಪರಿಣತಿಯ ಸರ್ಟಿಫಿಕೇಟ್ ಊಟಕ್ಕಿಲ್ಲದ ಉಪ್ಪಿನಕಾಯಿ ಆಗಿದೆ. ಬೇರೆ ದಾರಿಗಳು ಜಗತ್ತಿನಲ್ಲಿ ಇಲ್ಲದೆ ಇಲ್ಲ. 1965ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ನರ್ಸ್ ಪ್ರಾಕ್ಟೀಷನರ್ ತರಬೇತಿ ಶುರು ಮಾಡಿದರು. ಹೆಚ್ಚಿನ ಓದು ಓದಿದ ನರ್ಸ್ ತಾನೇ ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆ ನಿರ್ಧರಿಸಬಹುದು. ಅರಿವಳಿಕೆ ಕೊಡುವ ನರ್ಸ್‌ಗಳು, ಒಂದೇ ವಿಷಯದಲ್ಲಿ ಇಡೀ ಆಸ್ಪತ್ರೆಗೆ ಸಲಹೆ ಕೊಡುವ ನರ್ಸ್‌ಗಳು ಹಲವು ದೇಶಗಳಲ್ಲಿದ್ದಾರೆ. ಮೇಲೆ ಹೋದರೂ ರೋಗಿಯ ಹತ್ತಿರವೇ ಇರುವ ದಾರಿಗಳು ಇವು. ಅಂಥ ಒಂದು ಹುದ್ದೆಯನ್ನಾದರೂ ಸೃಷ್ಟಿಸಿ ನೋಡಿ.

ಈ ಪತ್ರವನ್ನು ನರ್ಸಿಂಗ್ ಓದುವ ಮಕ್ಕಳೂ ಓದಬಹುದು. ಅವರಿಗೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಯಾವ ವಿಭಾಗ ಆರಿಸಿಕೊಳ್ಳಲಿ ಅಂತ ಮೊದಲ ವರ್ಷವೇ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲ ವಾರ್ಡ್ ಸುತ್ತಿ. ಪಾಳಿ ಮುಗಿದ ಮೇಲೂ ಯಾವ ರೋಗಿಯ ವಿಷಯ ಮನಸ್ಸಿನಲ್ಲಿ ಉಳಿಯುತ್ತದೆ ನೋಡಿ. ನನ್ನ ಜೊತೆ ಓದಿದವಳೊಬ್ಬಳು ರಕ್ತ ಕಂಡರೆ ಬೆವರುತ್ತಿದ್ದಳು. ಅವಳು ಈಗ ಮನೋರೋಗ ವಾರ್ಡಿನಲ್ಲಿದ್ದಾಳೆ. ಅವಳು ಕೋಣೆಯೊಳಗೆ ಬಂದರೆ ಗಲಾಟೆ ಅರ್ಧಕ್ಕರ್ಧ ಇಳಿಯುತ್ತದೆ. ನನಗೆ ಆ ಶಕ್ತಿ ಇಲ್ಲ. ನಾನು ಯಂತ್ರಗಳ ಸದ್ದಿನ ನಡುವೆಯೇ ಸರಿ.

ಮತ್ತೆ ಪಟ್ಟಿಗೆ ಬರುತ್ತೇನೆ. ಈಗ ನಿಮ್ಮ ಡ್ಯೂಟಿ ಪಟ್ಟಿಯಲ್ಲಿ ಹೆಸರಿನ ಮುಂದೆ ಇರುವುದು ಪಾಳಿ ಮತ್ತು ರಜೆ. ಅದರ ಪಕ್ಕ ಇನ್ನೊಂದು ಕಾಲಂ ಬೇಕು. ಈ ನರ್ಸ್ ಯಾವ ಯಾವ ವಾರ್ಡಿನಲ್ಲಿ ತರಬೇತಿ ಪಡೆದಿದ್ದಾರೆ, ಯಾವ ತಾರೀಖು, ಯಾರು ನೋಡಿ ಸಹಿ ಹಾಕಿದ್ದಾರೆ. ಅಷ್ಟೇ. ರಾತ್ರಿ ಫೋನ್ ಬಂದಾಗ "ಯಾರಾದರೂ ಒಬ್ಬರು" ಅನ್ನುವ ಬದಲು ಆ ಕಾಲಂ ನೋಡಿ ಹೆಸರು ಹೇಳಬಹುದು. ಒಂದು ವಾರ್ಡಿನಲ್ಲಿ, ಒಂದೇ ತಿಂಗಳು ಮಾಡಿ ನೋಡಿ. ಮುಂದಿನ ತಿಂಗಳ ಪಟ್ಟಿಯನ್ನು ಇನ್ನೂ ಬರೆದಿಲ್ಲ ಅಂತ ನನಗೆ ಗೊತ್ತು. ಕಾಲಂ ಎಳೆಯುವುದು ತಲೆನೋವು ಅನಿಸಿದರೆ ಆ ಕಾಗದ ನನಗೆ ಕೊಡಿ, ನಾನೇ ಗೆರೆ ಹಾಕಿ ಕೊಡುತ್ತೇನೆ. ಈ ವಾರ ನನಗೆ ನೈಟ್ ಡ್ಯೂಟಿ. ಬೆಳಿಗ್ಗೆ ಎಂಟಕ್ಕೆ ಹ್ಯಾಂಡೋವರ್ ಮುಗಿಯುತ್ತದೆ. ಆಮೇಲೆ ಅರ್ಧ ಗಂಟೆ ಅಲ್ಲೇ ಇರುತ್ತೇನೆ.

ಇಂತಿ,
ಹಿಂದೊಮ್ಮೆ ‘ಸ್ಟಾಫ್ 4’ ಆಗಿದ್ದ ಒಬ್ಬ ನೋಂದಾಯಿತ ನರ್ಸ್